ಗಿಡ ಅಂಟಿಸಿದ ಡ್ರಿಫ್ಟ್‌ವುಡ್: ಗಮ್ಮಿಗೆಷ್ಟು ಮಾರ್ಕು, ದಾರಕ್ಕೆಷ್ಟು

ಅಕ್ವೇರಿಯಂ ಅಂಗಡಿಗಳಲ್ಲಿ ಈಗ ಗಿಡ ಅಂಟಿಸಿಯೇ ಇಟ್ಟ ಮರದ ಕೊರಡು, ಅಂದರೆ ಡ್ರಿಫ್ಟ್‌ವುಡ್ ಸಿಗುತ್ತದೆ. ತಂದು ನೀರಿಗೆ ಇಳಿಸಿದರೆ ಆಯ್ತು, ಬೇರೆ ರಗಳೆ ಇಲ್ಲ ಎಂಬ ಲೆಕ್ಕ. ಮಂಗಳೂರಿನ ಒಂದು ಅಂಗಡಿಯಲ್ಲಿ 850 ರೂಪಾಯಿ ಕೊಟ್ಟು ಅಂಥದ್ದೊಂದು ತಂದೆ. ಅರ್ಧ ದುಡ್ಡಿಗೆ ಮೋಸ ಇಲ್ಲ. ಇನ್ನರ್ಧ ಕೆಲಸವನ್ನು ನಾನೇ ಬಿಚ್ಚಿ ಮತ್ತೆ ಕಟ್ಟಿದೆ. ಉಡುಪಿಯಲ್ಲಿ ಬ್ಲೌಸ್ ಹೊಲಿಯುವವಳು ನಾನು, ಇನ್ನೊಬ್ಬರು ಹೊಲಿದದ್ದನ್ನು ಬಿಚ್ಚಿ ಸರಿ ಮಾಡುವುದು ನನಗೆ ಹೊಸತೇನಲ್ಲ. ಟ್ರಯಲ್‌ಗೆ ಬಂದವರು ಕಾಯುವಾಗ ನೋಡಲಿ ಎಂದು ಅಂಗಡಿಯಲ್ಲಿ ಎರಡಡಿಯ ಟ್ಯಾಂಕ್ ಇಟ್ಟಿದ್ದೇನೆ. ಗಪ್ಪಿ, ಚೆರ್ರಿ ಬಾರ್ಬ್ ಉಂಟು.

ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಮಂಗಳೂರಿನಲ್ಲಿ. ಅಂಥ ಊರಿನಲ್ಲೂ ಅನುಬಿಯಸ್ ಎಂಬ ನೀರುಗಿಡ ಒಳ್ಳೆಯದು ಬೇಕೆಂದರೆ ಅಂಗಡಿ ಅಂಗಡಿ ಸುತ್ತಬೇಕು. ಈ ಅಂಗಡಿಯಲ್ಲಿ ಗಿಡ ಚೆನ್ನಾಗಿತ್ತು, ಹುಡುಗ ತಾಳ್ಮೆಯವ. ಒದ್ದೆ ಪೇಪರಿನಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಹಾಕಿ, ಎಲೆ ಮುದುಡದ ಹಾಗೆ ಕೊಟ್ಟ. ಎಕ್ಸ್‌ಪ್ರೆಸ್ ಬಸ್ಸಿನ ನೂಕುನುಗ್ಗಲಿನಲ್ಲೂ ಒಂದೆಲೆ ಮುರಿಯಲಿಲ್ಲ. ಪ್ಯಾಕಿಂಗಿಗೆ ಪೂರ್ತಿ ಮಾರ್ಕು.

ತುಂಡಿನ ಮೇಲೆ ಇದ್ದದ್ದು ಮೂರು ಬಗೆ: ಅನುಬಿಯಸ್ ನಾನಾ, ಜಾವಾ ಫರ್ನ್, ಜಾವಾ ಮಾಸ್ ಎಂಬ ಪಾಚಿ. ಮೂರೂ ಮಣ್ಣು ಕೇಳುವ ಗಿಡಗಳಲ್ಲ, ಮರವನ್ನೋ ಕಲ್ಲನ್ನೋ ಹಿಡಿದು ಬದುಕುವಂಥವು. ಮೊದಲಿನ ಎರಡಕ್ಕೆ ಶುಂಠಿಯ ಹಾಗೆ ಅಡ್ಡ ಮಲಗಿದ ದಪ್ಪ ಕಾಂಡ ಇರುತ್ತದೆ, ರೈಜೋಮ್ ಅನ್ನುತ್ತಾರೆ. ಅದನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ. ಕೆಳಗೆ ಬೇರು ಹಿಡಿಯಬೇಕು, ಮೇಲೆ ಕಾಂಡ ನೀರಿಗೆ ತೆರೆದಿರಬೇಕು. ಅಂಟಿಸುವ ಕೆಲಸದಲ್ಲಿ ನೋಡಬೇಕಾದ್ದು ಇಷ್ಟೇ.

ಅನುಬಿಯಸ್ ಇದರಲ್ಲಿ ಪಾಸು. ಗಮ್ಮಿನ ಎರಡು ಸಣ್ಣ ಬೊಟ್ಟು, ಅದೂ ಬೇರಿನ ಬುಡಕ್ಕೆ ಮಾತ್ರ. ಬಳಸಿದ್ದು ಜೆಲ್, ನೀರಿನಂತೆ ಹರಿಯುವ ಜಾತಿ ಅಲ್ಲ. ನಾವೆಲ್ಲ ಫೆವಿಕ್ವಿಕ್ ಎಂದು ಕರೆಯುವ ಈ ಬಗೆಯ ಅಂಟು ಸಯನೊಅಕ್ರಿಲೇಟ್. ಅದು ಗಟ್ಟಿಯಾಗಲು ತೇವವೇ ಬೇಕು, ಹಾಗಾಗಿ ಮರ ಒಣಗಿಸಿ ಕೂರಬೇಕಾಗಿಲ್ಲ, ಬಟ್ಟೆಯಿಂದ ಒತ್ತಿ ನೀರು ತೆಗೆದರೆ ಸಾಕು. ಒಮ್ಮೆ ಗಟ್ಟಿಯಾದ ಮೇಲೆ ಮೀನಿಗೆ ತೊಂದರೆ ಇಲ್ಲ. ನೀರಿನಲ್ಲಿ ಬಿಳಿ ಕಲೆಯಾಗಿ ಕಾಣುವುದೊಂದು ಕಿರಿಕಿರಿ, ಬೇರು ಬೆಳೆದ ಹಾಗೆ ಅದೂ ಮುಚ್ಚುತ್ತದೆ. ಅನುಬಿಯಸ್ ನಿಧಾನದ ಗಿಡ, ತಿಂಗಳಿಗೊಂದು ಎಲೆ ಬಿಟ್ಟರೆ ಹೆಚ್ಚು. ಲೈಟಿನ ಕೆಳಗೆ ನೇರ ಇಟ್ಟರೆ ಹಳೆ ಎಲೆಯ ಅಂಚಿಗೆ ಕಪ್ಪು ಆಲ್ಗೆ (ಜಾವಾ ಮಾಸ್ ಅಲ್ಲ, ಬೇರೆ ಪಾಚಿ) ಹತ್ತುತ್ತದೆ, ನೆರಳಿನ ಬದಿಗೆ ತಿರುಗಿಸಿ.

ಜಾವಾ ಫರ್ನಿಗೆ ಬಂದಾಗ ನನಗೆ ಕೋಪ ಬಂತು. ಕಾಂಡದ ತುದಿಯಿಂದ ತುದಿಗೆ ಗಮ್ ಎಳೆದುಬಿಟ್ಟಿದ್ದಾರೆ. ಹೊಸ ಎಲೆ ಬರುವ ಮೊಗ್ಗಿನ ಮೇಲೂ ಬಿಳಿ ಪದರ. ಬೆರಳಿನಿಂದ ತಡವಿದರೆ ಗಾಜಿನಂತೆ ಗಟ್ಟಿ, ಅದರಡಿಯಲ್ಲಿ ಕಾಂಡ ಮೆತ್ತಗೆ, ಕಂದು. ಗುಂಡುಪಿನ್ನಿನಿಂದ ಅಂಚು ಎಬ್ಬಿಸಿದರೆ ಪದರದ ಜೊತೆಗೆ ಸಿಪ್ಪೆಯೂ ಎದ್ದು ಬಂತು, ಕೊಳೆತ ವಾಸನೆ. ಅರ್ಧ ಕಾಂಡ ಕತ್ತರಿಸಿ ಎಸೆದು, ಹಸಿರು ಉಳಿದ ತುಂಡನ್ನು ದಾರದಿಂದ ಕಟ್ಟಿದೆ. ಈಗ ಎಲೆಯ ತುದಿಯಲ್ಲೇ ಮರಿ ಬಿಟ್ಟಿದೆ. ಈ ಗಿಡದ ಎಲೆಯಡಿ ಸಾಲಾಗಿ ಕಪ್ಪು ಚುಕ್ಕೆ ಕಂಡರೆ ರೋಗ ಅಂತ ಕೀಳಬೇಡಿ, ಅದು ಬೀಜಕದ ಚೀಲ.

ಪಾಚಿಗೆ ಗಮ್ ಹಾಕಿದ್ದಂತೂ ಶುದ್ಧ ಸೋಮಾರಿತನ. ಪಾಚಿಗೆ ಬೇರೇ ಇಲ್ಲ. ಗಮ್ ತಾಗಿದ ಕಡೆಯೆಲ್ಲ ಸತ್ತು ಬಿಳಿಚಿತು, ಉಳಿದದ್ದು ಎದ್ದು ಫಿಲ್ಟರಿಗೆ ಹೋಗಿ ಸಿಕ್ಕಿಕೊಂಡಿತು. ತೆಳ್ಳಗೆ ಹರಡಿ ದಾರ ಸುತ್ತಿದರೆ ಮುಗಿಯುವ ಕೆಲಸ ಅದು.

ದಾರದ ವಿಷಯ ನನಗೆ ಬಿಡಿ. "ಕಾಟನ್ ದಾರದಲ್ಲಿ ಕಟ್ಟಿ" ಎಂದು ಎಲ್ಲರೂ ಹೇಳುತ್ತಾರೆ, ಆದರೆ ಇವತ್ತು ಟೈಲರ್ ಅಂಗಡಿಗಳ ರೀಲಿನಲ್ಲಿ ಹೆಚ್ಚಿನದು ಪಾಲಿಯೆಸ್ಟರ್. ನೋಡಿದರೆ ಗೊತ್ತಾಗುವುದಿಲ್ಲ, ಒಂದು ಗೇಣು ಕತ್ತರಿಸಿ ಬೆಂಕಿಪೆಟ್ಟಿಗೆ ತೆಗೆಯಿರಿ. ಕಾಟನ್ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ, ಮುದುಡಿ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಫರ್ನಿಗೂ ಅನುಬಿಯಸ್ಸಿಗೂ ಕಾಟನ್ನೇ ಸರಿ. ಬೇರು ಮರ ಹಿಡಿಯುವಷ್ಟರಲ್ಲಿ ದಾರ ತಾನೇ ಕೊಳೆತು ಬಿದ್ದುಹೋಗುತ್ತದೆ, ಕಾಂಡಕ್ಕೆ ಕೊರೆಯುವುದಿಲ್ಲ. ಪಾಚಿಗೆ ಉಲ್ಟಾ. ಅದು ಹಿಡಿಯುವುದು ತುಂಬ ತಡ, ಕಾಟನ್ ಹಾಕಿದರೆ ಪಾಚಿ ನಿಲ್ಲುವ ಮೊದಲೇ ದಾರ ಹೋಗುತ್ತದೆ. ಅದಕ್ಕೆ ಕಡು ಹಸಿರಿನ ಪಾಲಿಯೆಸ್ಟರ್ ಹಾಕಿ, ಪಾಚಿ ಬೆಳೆದ ಮೇಲೆ ದಾರ ಎಲ್ಲಿದೆ ಎಂದು ಹುಡುಕಬೇಕು. ಗಾಳದ ನೈಲಾನ್ ನೂಲೂ ಆಗುತ್ತದೆ. ಮಲ್ಪೆ ಪಕ್ಕದಲ್ಲೇ ಇದೆ, ಅದಕ್ಕೇನು ಬರ? ಆದರೆ ಅದರ ಗಂಟು ಜಾರುತ್ತದೆ, ನನಗೆ ಹಿಡಿಸಲಿಲ್ಲ.

ಕಟ್ಟುವಾಗ ಮೊದಲು ಮರಕ್ಕೆ ಗಂಟು ಹಾಕಿ, ಆಮೇಲೆ ಎಲೆಯ ದಂಟುಗಳ ಸಂದಿನಲ್ಲಿ ದಾರ ತನ್ನಿ, ಕೊನೆಯ ಗಂಟು ಮರದ ಅಡಿಯಲ್ಲಿ ಬರಲಿ. ಇನ್ನೊಂದು, ದಾರದ ಮೇಲೆ ಗಮ್ ಸುರಿಯುವ ಬುದ್ಧಿ ಬೇಡ. ಈ ಅಂಟು ಕಾಟನ್ನಿಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಕೆಲವೊಮ್ಮೆ ಹೊಗೆಯೂ ಏಳುತ್ತದೆ. ಕಾಟನ್ ಗ್ಲೌಸ್ ಹಾಕಿಕೊಂಡು ಈ ಕೆಲಸಕ್ಕೆ ಕೂರಲೇಬೇಡಿ. ಬೆರಳು ಅಂಟಿದರೆ ಎಳೆಯದೆ, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಹಚ್ಚಿ.

ಮರದ ಬಗ್ಗೆ ಒಂದು ದೂರು ಉಂಟು. ಹೊಸ ಡ್ರಿಫ್ಟ್‌ವುಡ್ಡನ್ನು ಕುದಿಸಿ ಅಥವಾ ವಾರಗಟ್ಟಲೆ ನೆನೆಸಿ ಬಣ್ಣ ಬಿಡಿಸಬೇಕು. ಗಿಡ ಅಂಟಿಸಿದ ಮೇಲೆ ಕುದಿಸುವುದು ಹೇಗೆ? ಅದು ಅಂಗಡಿಯವರು ಮೊದಲೇ ಮಾಡಬೇಕಾದ ಕೆಲಸ, ಮಾಡಿರಲಿಲ್ಲ. ಎರಡೇ ದಿನದಲ್ಲಿ ನೀರು ಕಂದು. ಮರದ ಟ್ಯಾನಿನ್ ಅದು, ಮೀನಿಗೆ ವಿಷ ಅಲ್ಲ, ಆದರೆ ನೀರನ್ನು ಹುಳಿ ಮಾಡುತ್ತದೆ. ನಮ್ಮ ಮುರಕಲ್ಲಿನ ಬಾವಿಗಳ ನೀರು ಮೊದಲೇ ಮೆದು, ಹುಳಿಯ ಕಡೆಗೇ ವಾಲಿದ್ದು. ಗಪ್ಪಿಗೆ ಅದು ಒಗ್ಗುವುದಿಲ್ಲ. ಆಗಾಗ ಅರ್ಧ ನೀರು ಬದಲಿಸಿದೆ. ಮರದ ಮೇಲೆ ಬಿಳಿ ಲೋಳೆ ಬಂದರೆ ಹೆದರಬೇಡಿ, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ, ಬಸವನಹುಳ ಇದ್ದರೆ ಅದೇ ತಿನ್ನುತ್ತದೆ.

"ಕಡಲ ಬದಿಯಲ್ಲಿ ಧರ್ಮಕ್ಕೆ ಸಿಗುವ ಕೊರಡಿಗೆ ದುಡ್ಡು ಯಾಕಕ್ಕ?" ಎಂದು ಪಕ್ಕದ ಮೊಬೈಲ್ ಅಂಗಡಿಯ ಹುಡುಗ ಕೇಳಿದ. ಮಳೆಗಾಲದಲ್ಲಿ ಬಂದು ಬೀಳುವ ಆ ಕೊರಡುಗಳಲ್ಲಿ ಉಪ್ಪು ಕೂತಿರುತ್ತದೆ, ಬೋಟಿನ ಹಲಗೆಯಾದರೆ ಪೇಂಟು, ಡೀಸೆಲ್. ತೆಂಗಿನ ತುಂಡಂತೂ ನೀರಿನಲ್ಲಿ ಕೊಳೆತು ಹಿಟ್ಟಾಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಮರದ ಬೇರು ಚಂದ ಇದೆ ಅಂತ ಕಡಿಯಲು ಹೋಗುವವರಿಗೆ ನಾನು ಏನೂ ಹೇಳುವುದಿಲ್ಲ, ಅರಣ್ಯ ಇಲಾಖೆಯವರು ಹೇಳುತ್ತಾರೆ.

ಐದರಲ್ಲಿ ಮೂರು ಕೊಡುತ್ತೇನೆ. ಫರ್ನ್ ವಿಷಯವನ್ನು ಫೋನಿನಲ್ಲಿ ಹೇಳಿದಾಗ ಹುಡುಗ ವಾದ ಮಾಡಲಿಲ್ಲ: "ಅದು ಹೊಸಬ ಅಂಟಿಸಿದ್ದು ಅಕ್ಕ, ಮುಂದಿನ ಸಲ ಬಂದಾಗ ಬೇರೆ ಫರ್ನ್ ಕೊಡ್ತೇನೆ." ಕೊಟ್ಟ ಸಹ. ನೀವು ಹೋಗುವುದಾದರೆ ಮೂರು ಗಿಡದ್ದು ಬೇಡ, ಬರೇ ಅನುಬಿಯಸ್ ಇರುವ ತುಂಡು ಕೇಳಿ, 500ರ ಒಳಗೆ ಆಗುತ್ತದೆ. ಫರ್ನ್, ಪಾಚಿ ಬಿಡಿಯಾಗಿ ತೆಗೆದುಕೊಳ್ಳಿ. ತುಂಡನ್ನು ಎತ್ತಿ, ಕಾಂಡದ ಮೇಲೆ ಬಿಳಿ ಪದರ ಇದೆಯಾ ಎಂದು ಅಂಗಡಿಯಲ್ಲೇ ನೋಡಿ. ಆದಿತ್ಯವಾರ ಅಲ್ಲಿ ರಶ್, ಅಷ್ಟು ನೋಡಲು ಬಿಡುವುದಿಲ್ಲ, ವಾರದ ಮಧ್ಯೆ ಹೋಗಿ.