ಜೇನಿನ ಬಾಟಲಿಯಲ್ಲಿ ನಾಯಿಯ ಮೂತ್ರ ಒಯ್ಯಬೇಡಿ

ನಾಯಿಗೋ ಬೆಕ್ಕಿಗೋ ಮೂತ್ರ ಪರೀಕ್ಷೆ ಮಾಡಿಸಲು ಡಾಕ್ಟರರು ಚೀಟಿ ಬರೆದುಕೊಟ್ಟಿದ್ದರೆ, ಅಡುಗೆಮನೆಯ ಕಪಾಟಿಗೆ ಕೈಹಾಕುವ ಮೊದಲು ಇದನ್ನು ಓದಿ. ನನ್ನ ಅವಸರದಿಂದ ನಮ್ಮ ನಾಯಿ ಬೊಳ್ಳಿ ಸಾಯುವುದರಲ್ಲಿದ್ದಳು.

ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ತೋಟದ ನಡುವೆ ನಮ್ಮ ಮನೆ. ಬೊಳ್ಳಿಗೆ ಒಂಬತ್ತು ವರ್ಷ. ಒಂದು ದಿನವೂ ಜಗಲಿ ಕೆಡಿಸದವಳು ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ರಾತ್ರಿಗೆ ನಾಲ್ಕೈದು ಬಾರಿ ಚೂರುಚೂರೇ ಮೂತ್ರ ಮಾಡತೊಡಗಿದಳು. ಡಾಕ್ಟರರು ಮೂತ್ರ ಹಿಡಿದು ತರಲು ಹೇಳಿದರು. ಹೇಗೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆಣ್ಣು ನಾಯಿ ನೆಲಕ್ಕೆ ತಾಗಿಕೊಂಡೇ ಕೂರುತ್ತದೆ. ಅಡಿಕೆ ಹಾಳೆ ತೂರಿಸಿದೆ, ಸದ್ದಿಗೆ ಬೆದರಿ ಎದ್ದುಬಿಟ್ಟಳು. ಕೊನೆಗೆ ಮುರಿದ ಛತ್ರಿಯ ಕೋಲಿಗೆ ಸೌಟು ಕಟ್ಟಿ ಹಿಂದಿನಿಂದ ಮೆಲ್ಲನೆ ಚಾಚಿದೆ. "ಅದು ಸಾರಿನ ಸೌಟು ಮಾರಾಯ್ತಿ!" ಎಂದು ಅತ್ತೆ ಒಳಗಿನಿಂದ ಕೂಗಿದರು. ಸಿಕ್ಕಿದ್ದು ನಾಲ್ಕು ಚಮಚದಷ್ಟು. ಅದನ್ನು ತುಡುವೆ ಜೇನು ಮುಗಿದಿದ್ದ ಬಾಟಲಿಗೆ ಸುರಿದೆ. ಎರಡು ಸಲ ನೀರು ಹಾಕಿ ಕುಲುಕಿ ತೊಳೆದಿದ್ದೆ. ತಳದ ಅಂಚಿನಲ್ಲಿ ಗಟ್ಟಿಯಾಗಿ ಕೂತಿದ್ದ ಜೇನು ಕಣ್ಣಿಗೆ ಬೀಳಲಿಲ್ಲ. ಫ್ರಿಜ್‌ನಲ್ಲಿಡಲು ಅತ್ತೆ ಒಪ್ಪದೆ ಬಾಟಲಿ ರಾತ್ರಿಯಿಡೀ ಕಿಟಕಿಯಲ್ಲಿತ್ತು. ಮರುದಿನ ಬಸ್ಸು ಹಿಡಿದು ಪೇಟೆಯ ಲ್ಯಾಬ್ ತಲುಪುವಾಗ ಮಧ್ಯಾಹ್ನ.

ವರದಿಯಲ್ಲಿ ಸಕ್ಕರೆ ಮೂರು ಪ್ಲಸ್, ಅಂದರೆ ತುಂಬಾ ಹೆಚ್ಚು, ಬ್ಯಾಕ್ಟೀರಿಯಾ ವಿಪರೀತ. ಚೀಟಿ ಕೊಟ್ಟವರು ಊರಲ್ಲಿರಲಿಲ್ಲ. ಇನ್ನೊಬ್ಬ ಡಾಕ್ಟರರಿಗೆ ಮೊಬೈಲಿನಲ್ಲಿ ಫೋಟೋ ಕಳಿಸಿದೆ. ಅವರು ನಾಯಿಯನ್ನು ನೋಡದೆ, ರಕ್ತ ಪರೀಕ್ಷೆಗೂ ಹೇಳದೆ, ಸಕ್ಕರೆ ಕಾಯಿಲೆ ಎಂದು ಇನ್ಸುಲಿನ್ ಶುರು ಮಾಡಿಸಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಎರಡನೆಯ ಚುಚ್ಚುಮದ್ದಿನ ನಂತರ ಬೊಳ್ಳಿ ಅಂಗಳದಲ್ಲಿ ಕುಡಿದವರ ಹಾಗೆ ತೂರಾಡಿ, ಹಿಂಗಾಲು ಮಡಚಿ ಬಿದ್ದು ನಡುಗಿದಳು. ಇನ್ಸುಲಿನ್ನಿಂದ ರಕ್ತದ ಸಕ್ಕರೆ ಕುಸಿದಿರಬೇಕೆಂದು ಗಂಡನಿಗೆ ಸಮಯಕ್ಕೆ ಸರಿಯಾಗಿ ಬುದ್ಧಿ ಓಡಿತು. ಹೊಸ ಬಾಟಲಿಯ ಜೇನನ್ನು ಬೆರಳಲ್ಲಿ ತೆಗೆದು ಒಸಡಿಗೆ ಉಜ್ಜಿದರು. ತಲೆ ಎತ್ತಿದಳು. ಆ ರಾತ್ರಿಯೇ ಜೀಪು ಮಾಡಿಕೊಂಡು ತಲಪಾಡಿ ದಾಟಿ ಮಂಗಳೂರಿಗೆ ಓಡಿದೆವು.

ಅಲ್ಲಿನ ಡಾಕ್ಟರಮ್ಮ ವರದಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಯಾವುದರಲ್ಲಿ ತಂದಿದ್ದಿರಿ?" ನಾಯಿಯ ನೂರು ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ ಸುಮಾರು 180ರಿಂದ 220 ಮಿಲಿಗ್ರಾಂ ದಾಟಿದ ಮೇಲಷ್ಟೇ ಸಾಮಾನ್ಯವಾಗಿ ಮೂತ್ರಕ್ಕೆ ಇಳಿಯುತ್ತದಂತೆ, ಬೆಕ್ಕಿಗೆ ಆ ಮಿತಿ ಇನ್ನೂ ಮೇಲೆ. ಇನ್ಸುಲಿನ್ ಇಳಿದ ಮೇಲೆ ಎಷ್ಟು ಸಲ ನೋಡಿದರೂ ಬೊಳ್ಳಿಯ ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇತ್ತು. ವರದಿಯಲ್ಲಿ ಕಂಡ ಸಕ್ಕರೆ ಬಾಟಲಿಯ ಜೇನಿನದು. ರಾತ್ರಿಯಿಡೀ ಹೊರಗಿದ್ದ ಮೂತ್ರದಲ್ಲಿ ಬ್ಯಾಕ್ಟೀರಿಯಾ ತಾನಾಗಿ ಬೆಳೆಯುವುದರಿಂದ ಆ ಅಂಕಿಯನ್ನೂ ನಂಬುವ ಹಾಗಿರಲಿಲ್ಲ. ಸ್ಕ್ಯಾನ್ ನೋಡಿಕೊಂಡು ಮೂತ್ರಕೋಶದಿಂದಲೇ ಸೂಜಿಯಲ್ಲಿ ಮಾದರಿ ತೆಗೆದು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಹಾಕಿದರು. ಬರೀ ಮೂತ್ರಕೋಶದ ಸೋಂಕು. ಮಾತ್ರೆಯಲ್ಲಿ ಗುಣವಾಯಿತು.

ಮೆಡಿಕಲ್ ಶಾಪಿನಲ್ಲಿ ಸಿಗುವ ಮುಚ್ಚಳದ ಹೊಸ ಡಬ್ಬಿಯನ್ನೇ ತನ್ನಿ. ಸೌಟನ್ನು ಕುದಿನೀರಲ್ಲಿ ತೊಳೆದು ಒಣಗಿಸಿ, ಸಾಬೂನಿನ ಅಂಶ ಉಳಿಯಬಾರದು. ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಶುರುವಿನ ಧಾರೆ ಬಿಟ್ಟು ನಡುವಿನದು. ಒಂದು ಚಮಚ ಸಿಕ್ಕಿದರೂ ಸಾಮಾನ್ಯ ಪರೀಕ್ಷೆಗೆ ಸಾಕು. ಕೂಡಲೇ ಒಯ್ಯಲಾಗದಿದ್ದರೆ ಫ್ರಿಜ್, ಅದೂ ಆರು ಗಂಟೆಯೊಳಗೆ ಲ್ಯಾಬಿಗೆ. ತಣ್ಣಗಾದ ಮೂತ್ರದಲ್ಲಿ ಹರಳು ಹೊಸದಾಗಿ ಕಟ್ಟುವುದುಂಟು, ಆದ್ದರಿಂದ ಹಿಡಿದ ಹೊತ್ತನ್ನು ಡಬ್ಬಿಯ ಮೇಲೆ ಬರೆಯಿರಿ. ಕೈಗವಸು ಹಾಕಿಕೊಳ್ಳಿ, ಇಲಿಜ್ವರ ನಾಯಿಯ ಮೂತ್ರದಿಂದಲೂ ಹರಡುತ್ತದೆ, ನಮ್ಮ ಮಳೆಗಾಲದಲ್ಲಿ ಇದು ತಮಾಷೆಯಲ್ಲ.

ಬೆಕ್ಕಿನ ಹಿಂದೆ ಸೌಟು ಹಿಡಿದು ಓಡುವ ಸಾಹಸ ಬೇಡ. ಕೋಣೆಯಲ್ಲಿ ಕೂಡಿಹಾಕಿ, ತೊಳೆದ ಟ್ರೇಯಲ್ಲಿ ನೀರು ಹೀರದ ಪ್ಲಾಸ್ಟಿಕ್ ಮಣಿ ಹಾಕಿಡಿ. ಬೂದಿ, ಮಣ್ಣು ಬೇಡ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಒಂದು ಹನಿಯೂ ಬರದಿದ್ದರೆ ಮಾದರಿಗೆ ಕಾಯಲೇಬೇಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು, ಒಂದೆರಡು ದಿನದಲ್ಲಿ ಜೀವವೇ ಹೋಗಬಹುದು. ಆಗಲೇ ಆಸ್ಪತ್ರೆಗೆ ಒಯ್ಯಿರಿ.

ಬೊಳ್ಳಿ ಈಗ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ. ಸೌಟು ಛತ್ರಿಯ ಕೋಲಿನ ಸಮೇತ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಕೊಂಡಿದೆ. ಅತ್ತೆ ಹೊಸತೊಂದನ್ನು ತಂದು, ಹಿಡಿಗೆ ಕೆಂಪು ನೂಲು ಸುತ್ತಿ ಇಟ್ಟಿದ್ದಾರೆ.