ಹುಣಸೆಹಣ್ಣು ತಿಕ್ಕಿದ ಮೇಲೂ ಉಳಿಯುವ ಅಕ್ಷರ ಯಾವುದು?

ತುಮಕೂರಿನ ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದು ನೇಮ್ ಪ್ಲೇಟ್, ಮೊಮೆಂಟೊ ಮಾಡುವ ಸಣ್ಣ ಅಂಗಡಿ. ಹೋದ ವರ್ಷ ಒಬ್ಬ ಮೇಷ್ಟ್ರ ಗೃಹಪ್ರವೇಶಕ್ಕೆ ‘ಶ್ರೀಲಕ್ಷ್ಮಿ ನಿಲಯ’ ಅಂತ ಹಿತ್ತಾಳೆ ಬೋರ್ಡು ಮಾಡಿಕೊಟ್ಟೆ. ಕಪ್ಪು ಬಣ್ಣ ಹೊಡೆದ ಹಿತ್ತಾಳೆ, ಅದರಲ್ಲಿ ಚಿನ್ನದಂತೆ ಹೊಳೆಯುವ ಅಕ್ಷರ. ದೀಪಾವಳಿ ಆದ ವಾರ ಅವರ ಮನೆಯವರು ಅದನ್ನು ಚೀಲದಲ್ಲಿಟ್ಟುಕೊಂಡು ಬಂದರು. ದೀಪದ ಕಂಬಗಳ ಜೊತೆ ಬೋರ್ಡನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಅಕ್ಷರದ ಅಂಚಿನಲ್ಲೆಲ್ಲ ಬಣ್ಣ ಎದ್ದಿತ್ತು. ತಪ್ಪು ಅವರದ್ದಲ್ಲ. ಹಿತ್ತಾಳೆ ಅಂದರೆ ಹಬ್ಬಕ್ಕೆ ತಿಕ್ಕಲೇಬೇಕು ಅಲ್ವಾ? ಅದರಲ್ಲೂ ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದ ಊರು ನಮ್ಮದು.

ಆಮೇಲೆ ಒಂದೇ ಹಿತ್ತಾಳೆ ತಗಡನ್ನು ತುಂಡು ಮಾಡಿ, ಅದೇ ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಕೆತ್ತಿದೆ. ಪ್ರತಿಯೊಂದನ್ನೂ ಹುಣಸೆಹಣ್ಣು, ತೆಂಗಿನ ನಾರು ಹಾಕಿ 10 ಸಲ ತಿಕ್ಕಿದೆ.

ಮೊದಲನೆಯದು ಅದೇ ಕಪ್ಪು ಬಣ್ಣದ ತಗಡು. ನಮ್ಮ ಅಂಗಡಿಯಲ್ಲಿರುವುದು ಸಿಒ2 ಲೇಸರ್, ಅಂದರೆ ಕಾರ್ಬನ್ ಡೈಆಕ್ಸೈಡ್ ಅನಿಲದಿಂದ ಕಿರಣ ಹುಟ್ಟಿಸಿ ಕೆತ್ತುವ ಮೆಷಿನ್. ಅದರ ಕಿರಣ ತರಂಗಾಂತರದಲ್ಲಿ (ಅಲೆಯ ಉದ್ದದಲ್ಲಿ) 10.6 ಮೈಕ್ರಾನ್‌ನದು. ಬರೀ ಹಿತ್ತಾಳೆ ಅದನ್ನು ಕನ್ನಡಿಯ ಹಾಗೆ ವಾಪಸ್ ಕಳಿಸುತ್ತದೆ. ಮೇಲಿನ ಬಣ್ಣ ಮಾತ್ರ ಸುಟ್ಟುಹೋಗಿ ಕೆಳಗಿನ ಲೋಹ ಕಾಣುತ್ತದೆ. ಕೆಲಸ ಬೇಗ, ನೋಟ ಚೆಂದ. ಮೊದಲ ದಿನದ ಅಂದಕ್ಕೆ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಬೀರುವಿನಲ್ಲಿಡುವ ಮೊಮೆಂಟೊಗೆ ಈಗಲೂ ಇದನ್ನೇ ಮಾಡುತ್ತೇನೆ.

ಎರಡನೆಯದು ಪಾರದರ್ಶಕ ಲ್ಯಾಕರ್ (ವಾರ್ನಿಶ್ ಥರದ ತೆಳು ಲೇಪ) ಇರುವ ತಗಡು. ಸಿಒ2 ಅಕ್ಷರದ ಜಾಗದ ಲ್ಯಾಕರ್ ಸುಡುತ್ತದೆ, ಆದರೆ ಹಳದಿ ಮೇಲೆ ಹಳದಿ, ಏನೂ ಕಾಣುವುದಿಲ್ಲ. ಅಲ್ಲಿಗೆ ಹಿತ್ತಾಳೆ ಕಪ್ಪು ಮಾಡುವ ಕೆಮಿಕಲ್ ಸವರಬೇಕು. ತೆರೆದ ಜಾಗ ಮಾತ್ರ ಕಪ್ಪಾಗುತ್ತದೆ, ಉಳಿದದ್ದನ್ನು ಲ್ಯಾಕರ್ ಕಾಯುತ್ತದೆ. ಹಳೇ ಕಾಲದ ಬೋರ್ಡಿನ ಗಾಂಭೀರ್ಯ ಬರುತ್ತದೆ, ನನಗೆ ತುಂಬಾ ಇಷ್ಟವಾಯಿತು. ಆದರೆ ಹುಣಸೆಯ ಹುಳಿ ಕರಗಿಸುವುದೇ ಆ ಕಪ್ಪನ್ನು. ಮೂರನೇ ಸಲ ತಿಕ್ಕುವಷ್ಟರಲ್ಲಿ ಅಕ್ಷರ ಮಸುಕಾಯಿತು.

ಮೂರನೆಯದು ಮಾರ್ಕಿಂಗ್ ಸ್ಪ್ರೇ: ಲೋಹದ ಮೇಲೆ ಸಿಂಪಡಿಸಿ ಲೇಸರ್ ಹಾಯಿಸಿದರೆ ಆ ಬಿಸಿಗೆ ಕಪ್ಪಾಗಿ ಅಂಟಿಕೊಳ್ಳುವ ಲೇಪ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟೀಲ್ ಮೇಲೆ ಅದು ಕಚ್ಚಿಕೊಂಡರೆ ಬಿಡುವುದೇ ಇಲ್ಲ. ಹಿತ್ತಾಳೆ ಮೇಲೆ ನನಗೆ ಒದ್ದೆ ಬಟ್ಟೆಗೇ ಬಂತು. ಹಿತ್ತಾಳೆ ಬಿಸಿಯನ್ನು ಸ್ಟೀಲಿಗಿಂತ ಬಹಳ ಬೇಗ ಸುತ್ತ ಹರಡಿಬಿಡುತ್ತದೆ. ಬಿಸಿ ನಿಲ್ಲದಿದ್ದರೆ ಅಂಟುವುದು ಹೇಗೆ?

ಕೊನೆಗೆ ಅಂತರಸನಹಳ್ಳಿಯಲ್ಲಿ ಗೆಳೆಯನ ಶೆಡ್ಡಿನಲ್ಲಿರುವ 20 ವ್ಯಾಟ್ ಫೈಬರ್ ಲೇಸರ್. ಇದರ ಕಿರಣ ಗಾಜಿನ ಎಳೆಯಲ್ಲಿ ಹುಟ್ಟುತ್ತದೆ. ತರಂಗಾಂತರ 1.06 ಮೈಕ್ರಾನ್, ಲೋಹ ಅದನ್ನು ಹೆಚ್ಚು ಹೀರಿಕೊಳ್ಳುವುದರಿಂದ ಲೋಹವನ್ನೇ ಕೊರೆಯುತ್ತದೆ. ಇಲ್ಲೂ ಮೊದಲು ಎಡವಿದೆ. ಲ್ಯಾಕರ್ ತೆಗೆಯದೆ ಹಾಗೇ ಕೊರೆದಾಗ ಅಂಚಿನಲ್ಲಿ ಲ್ಯಾಕರ್ ಉಬ್ಬಿ ಕಂದು ಬಣ್ಣಕ್ಕೆ ತಿರುಗಿತು. ಥಿನ್ನರ್ ಹಾಕಿ ಒರೆಸಿ, ಆಮೇಲೆ ಕೊರೆಯಬೇಕು. ಒಂದೇ ಸುತ್ತು ಓಡಿಸಿದರೆ ಕಪ್ಪು ಗೆರೆ ಸಿಗುತ್ತದೆ, ಅದೂ ತಿಕ್ಕಿದರೆ ತಿಳಿಯಾಗುತ್ತದೆ. 20 ಸುತ್ತು ಓಡಿಸಿದ ಮೇಲೆ ಉಗುರಿಗೆ ಸಿಗುವಷ್ಟು ಆಳ ಬಂತು. ಆ ಗುಂಡಿಗೆ ಕಪ್ಪು ಎನಾಮಲ್ ಬಣ್ಣ ತುಂಬಿ, ಮೇಲಿನದನ್ನು ಒರೆಸಿ, ಒಣಗಲು ಬಿಟ್ಟೆ. ನಾರು ತಳ ಮುಟ್ಟುವುದಿಲ್ಲ. 10 ಸಲ ತಿಕ್ಕಿದರೂ ಅಕ್ಷರ ಹಾಗೇ ಇತ್ತು, ಹಿತ್ತಾಳೆ ಮಾತ್ರ ಇನ್ನಷ್ಟು ಹೊಳೆಯಿತು. ಪಾತ್ರೆ ಅಂಗಡಿಯಲ್ಲಿ ಕೊಡಪಾನದ ಮೇಲೆ ಹಾಕಿಸಿದ ಹೆಸರು ಮೊಮ್ಮಕ್ಕಳ ಕಾಲಕ್ಕೂ ಓದಲು ಬರುವುದು ಇದೇ ಕಾರಣಕ್ಕೆ.

ಇದಕ್ಕೆ ಸಮಯ ಜಾಸ್ತಿ, ಬೆಲೆಯೂ ಜಾಸ್ತಿ. ಒತ್ತಕ್ಷರ ತೀರಾ ಚಿಕ್ಕದಾದರೆ ಒಳಗಿನ ಸಂದು ಮುಚ್ಚಿಕೊಳ್ಳುತ್ತದೆ. ಆ ಮೆಷಿನ್ನಿನ ಸಾಫ್ಟ್‌ವೇರಿನಲ್ಲಿ ನೇರ ಕನ್ನಡ ಟೈಪ್ ಮಾಡಿದಾಗ ‘ಕ್ಷ್ಮಿ’ ಚೂರುಚೂರಾಗಿ ಬಂತು. ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ ಹಾಕಿದರೆ ಸರಿಹೋಗುತ್ತದೆ. ಇನ್ನೊಂದು ಮಾತು: ಸಿಒ2 ಕನ್ನಡಕ ಫೈಬರ್‌ಗೆ ಆಗುವುದಿಲ್ಲ. ಈ ಕಿರಣ ಕಣ್ಣಿಗೆ ಕಾಣದು, ಹೊಳೆಯುವ ಹಿತ್ತಾಳೆಯಿಂದ ಚಿಮ್ಮಿ ಬರುತ್ತದೆ. ಆ ಕಿರಣಕ್ಕೇ ಮಾಡಿದ ಕನ್ನಡಕ ಇಲ್ಲದೆ ಹತ್ತಿರ ನಿಲ್ಲಬೇಡಿ.

ಈಗ ಬೋರ್ಡು ಕೇಳಿಕೊಂಡು ಬಂದವರಿಗೆ ನನ್ನ ಮೊದಲ ಪ್ರಶ್ನೆ, “ಹಬ್ಬಕ್ಕೆ ತಿಕ್ಕುತ್ತೀರಾ?” ಮೇಷ್ಟ್ರಿಗೆ ಫೈಬರ್‌ನಲ್ಲಿ ಹೊಸದು ಮಾಡಿಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಯುಗಾದಿ ಕಳೆದ ಮೇಲೆ ನಾನೇ ಹೋಗಿ ನೋಡಿದೆ. ‘ಕ್ಷ್ಮಿ’ಯ ಮೂಲೆಯಲ್ಲಿ ಒಂದಿಷ್ಟು ಹುಣಸೆ ಒಣಗಿ ಕೂತಿತ್ತು. ಹಳೇ ಬ್ರಷ್ಷಿನಲ್ಲಿ ತೆಗೆದೆ, ಕೆಳಗಿನ ಕಪ್ಪು ಹಾಗೇ ಇತ್ತು.