ಹಳೆಯ ಬಿಎಂಡಬ್ಲ್ಯೂ, ಹೊಸ ಸ್ಕ್ಯಾನರ್, ನನ್ನ ಕ್ಲಿನಿಕ್ಕಿನ ಕನ್ನಡಿ

ಹತ್ತು ತಿಂಗಳ ಹಿಂದೆ 13,500 ರೂಪಾಯಿ ಕೊಟ್ಟು ಬಿಎಂಡಬ್ಲ್ಯೂ ಕಾರುಗಳಿಗೆಂದೇ ಮಾಡಿದ ಒಂದು ಸ್ಕ್ಯಾನರ್ ತರಿಸಿಕೊಂಡೆ. ಕಾರಿನೊಳಗಿನ ಕಂಪ್ಯೂಟರು ಗುರುತಿಟ್ಟುಕೊಂಡ ದೋಷಗಳ ಸಂಕೇತಗಳನ್ನು, ಅಂದರೆ ಕೋಡುಗಳನ್ನು, ಓದುವ ಉಪಕರಣ ಇದು. ಅಂಗೈಯಷ್ಟು ಅಗಲದ ಪರದೆ, ಆರು ಗುಂಡಿ, ಒಂದು ದಪ್ಪ ತಂತಿ, ಜಿಪ್ಪಿನ ಚೀಲ. ಅದರ ಹೆಸರು ಹೇಳುವುದಿಲ್ಲ. ದೂರುಗಳೂ ಇವೆ, ಮಾರಿದವರೊಂದಿಗೆ ಜಗಳಕ್ಕೆ ಇಳಿಯುವ ಉತ್ಸಾಹ ನನಗಿಲ್ಲ. ಈ ಬೆಲೆಯಲ್ಲಿ ಸಿಗುವ ಇಂಥ ಉಪಕರಣಗಳೆಲ್ಲ ಹೆಚ್ಚು ಕಡಿಮೆ ಒಂದೇ ಕೆಲಸ ಮಾಡುತ್ತವೆ. ಆ ಕೆಲಸ ಯಾವುದು, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಮಾತ್ರ ಬರೆಯುತ್ತೇನೆ.

ನಾನು ಉಡುಪಿಯಲ್ಲಿ ದಂತವೈದ್ಯೆ. ಕ್ಲಿನಿಕ್ ಕುಂಜಿಬೆಟ್ಟಿನಲ್ಲಿ, ಮನೆ ಅಲೆವೂರಿನ ದಾರಿಯಲ್ಲಿ. ಕಾರು 2009ರ 320ಐ, ನಾಲ್ಕು ಸಿಲಿಂಡರಿನ 1,995 ಸಿಸಿ ಪೆಟ್ರೋಲ್ ಎಂಜಿನ್. ಮಸ್ಕತ್ತಿಗೆ ಹೊರಟ ನೆಂಟರೊಬ್ಬರು ಮಾರುವಾಗ, ಹೊಸ ಸಣ್ಣ ಕಾರಿಗೂ ಸಾಕಾಗದ ಬೆಲೆಗೆ ನನಗೆ ಕೊಟ್ಟರು. ಅಷ್ಟು ಅಗ್ಗಕ್ಕೆ ಏಕೆ ಕೊಟ್ಟರು ಎಂದು ಮೊದಲ ಮಳೆಗಾಲದಲ್ಲಿ ತಿಳಿಯಿತು. ಕೊಳ್ಳುವಾಗ ಇಂಥ ಕಾರಿನ ಬೆಲೆ ಇಳಿದಿರುತ್ತದೆ. ಬಿಡಿಭಾಗದ ಬೆಲೆ ಇಳಿದಿರುವುದಿಲ್ಲ.

ಮೊದಲು ಬಂದದ್ದು ನಡುಕ. ಬೆಳಿಗ್ಗೆ ಕಲ್ಸಂಕದ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಸ್ಟಿಯರಿಂಗ್ ಮಲೇರಿಯಾ ಬಂದವರ ಕೈಯ ಹಾಗೆ ನಡುಗಿತು, ಎದುರಿನ ಫಲಕದಲ್ಲಿ ಹಳದಿ ಎಂಜಿನ್ ಚಿತ್ರ ಮಿನುಗಿತು. ಮಿನುಗುವ ದೀಪಕ್ಕೂ ಸುಮ್ಮನೆ ಉರಿಯುವ ದೀಪಕ್ಕೂ ವ್ಯತ್ಯಾಸವಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಉರಿಯುತ್ತಿದ್ದರೆ ಇವತ್ತೋ ನಾಳೆಯೋ ನೋಡಿ ಎಂದರ್ಥ. ಮಿನುಗುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಕಿಡಿ ಹತ್ತುತ್ತಿಲ್ಲ. ಸುಡದ ಪೆಟ್ರೋಲ್ ಹೊಗೆಕೊಳವೆಗೆ ಹೋಗಿ, ಅಲ್ಲಿ ಉರಿದು, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಟ್ಟುಬಿಡಬಹುದು. ಆ ದಿನ ನಾನು ಮಣಿಪಾಲದವರೆಗೂ ಹೋಗಿ ಬಂದೆ. ಹೋಗಬಾರದಿತ್ತು.

ಒಂದು ಗ್ಯಾರೇಜಿನಲ್ಲಿ ಮೂರನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲ್, ಎಂದರೆ ಕಿಡಿ ಹಾರಿಸಲು ಪ್ಲಗ್ಗಿಗೆ ವಿದ್ಯುತ್ ಕೊಡುವ ಭಾಗ, ಬದಲಿಸಿದರು. ಇಪ್ಪತ್ತು ದಿನ ಕಾರು ಬೆಣ್ಣೆಯಂತೆ ಓಡಿತು. ಇಪ್ಪತ್ತೊಂದನೆಯ ದಿನ ಅದೇ ನಡುಕ. ಈ ಬಾರಿ ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್, ಮೇಲೆ ಇಂಜೆಕ್ಟರ್ ಶುದ್ಧೀಕರಣ ಎಂದು 46,000 ರೂಪಾಯಿಯ ಚೀಟಿ ಬರೆದು ಕೊಟ್ಟರು. ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಹುಳುಕು ತೆಗೆಯದೆ ಫಿಲ್ಲಿಂಗ್ ಹಾಕಿದರೆ ಅದು ಬಿದ್ದುಹೋಗುತ್ತದೆ. ಬಿದ್ದಾಗ ಪಕ್ಕದ ಮೂರು ಹಲ್ಲಿಗೂ ಫಿಲ್ಲಿಂಗ್ ಹಾಕಿಸಿಕೊಳ್ಳಿ ಎಂದು ನಾನು ರೋಗಿಗೆ ಹೇಳಿದರೆ ಅವರು ಮತ್ತೆ ಮೆಟ್ಟಿಲು ಹತ್ತುವುದಿಲ್ಲ.

ಅಲ್ಲಿಂದ ಸ್ವಂತ ಉಪಕರಣದ ಹುಚ್ಚು ಹಿಡಿಯಿತು. ಮೊದಲು ತರಿಸಿದ್ದು ಮೊಬೈಲಿಗೆ ಬ್ಲೂಟೂತ್‌ನಲ್ಲಿ ಸೇರುವ, ಬೆಂಕಿಪೊಟ್ಟಣದಂಥ ಅಡಾಪ್ಟರ್, ಐನೂರು ರೂಪಾಯಿಯೊಳಗೆ ಸಿಗುವಂಥದ್ದು. ಅದರ ಮೇಲೆ ಇಎಲ್‌ಎಂ327, ಆವೃತ್ತಿ 1.5 ಎಂದು ಅಚ್ಚಾಗಿತ್ತು. ಆ ಚಿಪ್ಪಿನ ಮೂಲ ಕಂಪನಿ 1.5 ಎಂಬ ಆವೃತ್ತಿಯನ್ನು ಬಿಡುಗಡೆಯನ್ನೇ ಮಾಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ನಕಲಿಗೆ ಅದೇ ಗುರುತು. ಎಂಜಿನ್ನಿನ ಸಾಮಾನ್ಯ ಕೋಡನ್ನು ಅದೂ ಓದುತ್ತಿತ್ತು, ಸಂಪರ್ಕ ಉಳಿದಿರುವಷ್ಟು ಹೊತ್ತು. ಬ್ರೇಕು, ಏರ್‌ಬ್ಯಾಗು, ಬ್ಯಾಟರಿಯ ಲೆಕ್ಕ ಯಾವುದೂ ಅದಕ್ಕೆ ಕಾಣಿಸುತ್ತಿರಲಿಲ್ಲ. ಜರ್ಮನ್ ಕಾರಿನೊಳಗೆ ಹತ್ತಾರು ಪುಟ್ಟ ಕಂಪ್ಯೂಟರುಗಳು ತಮ್ಮ ತಮ್ಮ ಭಾಷೆಯಲ್ಲಿ ಮಾತನಾಡುತ್ತಿರುತ್ತವೆ. ಎಲ್ಲ ಕಂಪನಿಗಳಿಗೂ ಕಡ್ಡಾಯವಾದ ಸಾಮಾನ್ಯ ಭಾಷೆ ಎಂಜಿನ್ನಿನ ಹೊಗೆಗೆ ಸಂಬಂಧಿಸಿದ್ದು ಮಾತ್ರ. ಉಳಿದದ್ದಕ್ಕೆ ಆ ಕಂಪನಿಯ ಭಾಷೆ ಬಲ್ಲ ಉಪಕರಣವೇ ಬೇಕು. ಹಾಗಾಗಿ ಈ 13,500.

ಪೆಟ್ಟಿಗೆ ಬಂದದ್ದು ತುಳುನಾಡಿನ ಆಟಿ ತಿಂಗಳ ಜಡಿಮಳೆಯಲ್ಲಿ. ಭಾನುವಾರ ಮಧ್ಯಾಹ್ನ, ತಗಡಿನ ಶೆಡ್ಡಿನ ಕೆಳಗೆ, ಪಕ್ಕದವರ ಮಾತೂ ಕೇಳಿಸದಷ್ಟು ಸದ್ದಿನ ನಡುವೆ, ಸ್ಟಿಯರಿಂಗಿನ ಕೆಳಗೆ ಚಾಲಕನ ಕಾಲ ಬಳಿ ಇರುವ ಸಾಕೆಟ್ಟಿಗೆ ತಂತಿ ಚುಚ್ಚಿದೆ. ಪಿ0303: ಮೂರನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ. ಗ್ಯಾರೇಜಿನವರು ಸುಳ್ಳು ಹೇಳಿರಲಿಲ್ಲ.

ಕೋಡನ್ನು ಅಳಿಸುವ ಗುಂಡಿ ದೊಡ್ಡದಾಗಿ ಕಾಣುತ್ತದೆ, ಒತ್ತಲು ಕೈ ತುರಿಸುತ್ತದೆ. ಒತ್ತುವ ಮೊದಲು ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ದೋಷ ಕಂಡ ಕ್ಷಣದಲ್ಲಿ ಎಂಜಿನ್ನಿನ ವೇಗ ಎಷ್ಟಿತ್ತು, ಬಿಸಿ ಎಷ್ಟಿತ್ತು ಎಂಬ ಟಿಪ್ಪಣಿಯೂ ಕೋಡಿನ ಜೊತೆಗೇ ಅಳಿಸಿಹೋಗುತ್ತದೆ.

ಆಮೇಲೆ ಮಾಡಿದ್ದು ತೀರಾ ಸರಳವಾದ, ಕಾಸಿಲ್ಲದ ಪರೀಕ್ಷೆ. ಎಂಜಿನ್ ತಣ್ಣಗಿರುವಾಗ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಮೂರನೆಯ ಕಾಯಿಲನ್ನು ಒಂದಕ್ಕೂ ಒಂದನೆಯದನ್ನು ಮೂರಕ್ಕೂ ಹಾಕಿದೆ. ಈ ಕಾರಿನಲ್ಲಿ ರೇಡಿಯೇಟರ್ ಕಡೆಯದು ಒಂದನೆಯದು. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ಎರಡು ನಿಮಿಷದಲ್ಲಿ ಪಿ0301. ದೋಷ ಕಾಯಿಲಿನ ಜೊತೆಗೇ ನಡೆದುಹೋಗಿತ್ತು. ಎಂದರೆ ಇಪ್ಪತ್ತು ದಿನ ಹಳೆಯ, ಹೊಸ ಕಾಯಿಲ್ ನಿಜಕ್ಕೂ ಕೆಟ್ಟಿತ್ತು. ಸ್ಕ್ಯಾನರಿನ ಕೆಲಸ ಅಲ್ಲಿಗೆ ಮುಗಿಯಿತು. ಹೊಸದು ಏಕೆ ಕೆಟ್ಟಿತು ಎಂದು ಕೇಳುವ ಗುಂಡಿ ಅದರಲ್ಲಿಲ್ಲ.

ಕಾಯಿಲನ್ನು ಮತ್ತೆ ಎಳೆದು ಕೈಯಲ್ಲಿ ಹಿಡಿದೆ. ಕೆಳಗಿನ ರಬ್ಬರ್ ಕಾಲು ಉಬ್ಬಿತ್ತು, ಮೆತ್ತಗಾಗಿತ್ತು, ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಮೂಸಿದರೆ ಎಂಜಿನ್ ಆಯಿಲ್. ಕ್ಲಿನಿಕ್ಕಿನಿಂದ ತಂದಿದ್ದ ಬಾಯಿ ನೋಡುವ ಪುಟ್ಟ ಕನ್ನಡಿಗೆ ತೆಳುವಾದ ಬಿದಿರಿನ ಕಡ್ಡಿ ಕಟ್ಟಿ, ತಲೆಗೆ ಹಾಕುವ ಟಾರ್ಚ್ ಹಚ್ಚಿ, ಮೂರನೆಯ ಪ್ಲಗ್ ಕೂರುವ ಆಳದ ಬಾವಿಯೊಳಗೆ ಇಳಿಸಿದೆ. ತಳದಲ್ಲಿ ಪ್ಲಗ್ಗಿನ ಬಿಳಿ ಪಿಂಗಾಣಿ ಕಾಣಬೇಕಿತ್ತು. ಕಂಡದ್ದು ಕಪ್ಪು ಹೊಳಪು. ಕನ್ನಡಿಯನ್ನು ಓರೆ ಮಾಡಿದಾಗ ಬಾವಿಯ ಗೋಡೆಯ ಮೇಲ್ಭಾಗದಲ್ಲಿ, ಸೀಲ್ ಕೂರುವ ಅಂಚಿನಿಂದ, ಒಂದು ಹನಿ ಜಾರಲು ತಯಾರಾಗಿ ನಿಂತಿತ್ತು. ಆ ಹನಿಯನ್ನು ನಾನು ಬಹಳ ಹೊತ್ತು ನೋಡಿದೆ. 46,000 ರೂಪಾಯಿಯ ಚೀಟಿಯಲ್ಲಿ ಅದರ ಹೆಸರಿರಲಿಲ್ಲ.

ಪ್ಲಗ್ ಬಾವಿಯ ಕೊಳವೆಯ ಸೀಲುಗಳೂ, ಎಂಜಿನ್ನಿನ ಮೇಲಿನ ವಾಲ್ವ್ ಕವರಿನ ಅಂಚಿನಲ್ಲಿ ಆಯಿಲ್ ತಡೆಯುವ ರಬ್ಬರ್ ಗ್ಯಾಸ್ಕೆಟ್ಟೂ ಈ ಎಂಜಿನ್ನಿನಲ್ಲಿ ವಯಸ್ಸಾದಂತೆ ಗಟ್ಟಿಯಾಗಿ ಸೋರುತ್ತವೆ. ಬಾವಿಯಲ್ಲಿ ಆಯಿಲ್ ತುಂಬುತ್ತದೆ, ಕಾಯಿಲಿನ ರಬ್ಬರ್ ಅದರಲ್ಲಿ ನೆನೆದು ಕೆಡುತ್ತದೆ, ಕಿಡಿ ಹಾದಿ ತಪ್ಪುತ್ತದೆ. ನಾಲ್ಕು ಹೊಸ ಕಾಯಿಲ್ ಹಾಕಿದ್ದರೆ ಮೂರನೆಯದು ಮತ್ತೆ ಇಪ್ಪತ್ತು ದಿನ ಬಾಳುತ್ತಿತ್ತು.

ಒಂದು ಎಚ್ಚರಿಕೆ. ಬಾವಿಯಲ್ಲಿ ಆಯಿಲ್ ಇರುವಾಗ ಪ್ಲಗ್ ಬಿಚ್ಚಿದರೆ ಅಷ್ಟೂ ಸಿಲಿಂಡರಿನೊಳಗೆ ಸುರಿಯುತ್ತದೆ. ನಾನು ಸಿರಿಂಜಿಗೆ ಸಲೈನ್ ಕೊಳವೆಯ ತುಂಡು ಸಿಕ್ಕಿಸಿ ಹೀರಿ ತೆಗೆದೆ, ಸುಮಾರು 12 ಮಿಲಿಲೀಟರ್. ಉಳಿದದ್ದನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒರೆಸಿದೆ. ಈ ಕೆಲಸದಲ್ಲಿ ನನ್ನ ಕೈ ಗ್ಯಾರೇಜಿನ ಯಾವ ಹುಡುಗನ ಕೈಗೂ ಸೋಲುವುದಿಲ್ಲ ಎಂದು ನಾಚಿಕೆಯಿಲ್ಲದೆ ಹೇಳುತ್ತೇನೆ.

ಗ್ಯಾಸ್ಕೆಟ್ ಬದಲಿಸುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ. ಈ ಎಂಜಿನ್ನಿನಲ್ಲಿ ವಾಲ್ವುಗಳ ಎತ್ತರವನ್ನೇ ಹೆಚ್ಚು ಕಡಿಮೆ ಮಾಡುವ ಒಂದು ಮೋಟಾರ್ ಇದೆ, ಕವರ್ ತೆಗೆಯಲು ಅದನ್ನೂ ಸರಿಯಾದ ಕ್ರಮದಲ್ಲಿ ಬಿಚ್ಚಬೇಕು. ಬೆಂಗಳೂರಿನಿಂದ ಗ್ಯಾಸ್ಕೆಟ್ ಮತ್ತು ಸೀಲುಗಳನ್ನು ನಾನೇ ತರಿಸಿ, ಅಂಬಲಪಾಡಿ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ಕಿಗೆ ಕೊಟ್ಟೆ. ಹಳೆಯ ಗ್ಯಾಸ್ಕೆಟ್ ಹೊರಗೆ ಬಂದಾಗ ಅವರು ಅದನ್ನು ಎರಡು ಬೆರಳಿನಲ್ಲಿ ಬಗ್ಗಿಸಿದರು. ರಬ್ಬರ್ ಬಗ್ಗಲಿಲ್ಲ, ಹಪ್ಪಳದ ಹಾಗೆ ಟಪ್ಪೆಂದು ಮುರಿಯಿತು. ಸಾಮಾನು, ಮಜೂರಿ, ಒಂದು ಹೊಸ ಕಾಯಿಲ್, ನಾಲ್ಕು ಪ್ಲಗ್ ಸೇರಿ 19,200 ರೂಪಾಯಿ. ಏಳು ತಿಂಗಳಾಯಿತು, ನಡುಕ ಬಂದಿಲ್ಲ. ಸ್ಕ್ಯಾನರಿನ ಬೆಲೆ ಅಲ್ಲಿಗೇ ಹುಟ್ಟಿತು.

ನನ್ನ ಮಟ್ಟಿಗೆ ಈ ಪೆಟ್ಟಿಗೆಯ ಹೆಚ್ಚು ಉಪಯೋಗ ಕೋಡ್ ಓದುವುದರಲ್ಲಿಲ್ಲ, ಓಡುವ ಎಂಜಿನ್ನಿನ ಅಂಕಿಗಳನ್ನು ನೋಡುವುದರಲ್ಲಿದೆ. ಈ ಕಾರಿನ ಫಲಕದಲ್ಲಿ ನೀರಿನ ಬಿಸಿ ತೋರಿಸುವ ಮುಳ್ಳೇ ಇಲ್ಲ. ಕೆಂಪು ದೀಪ ಹತ್ತುವ ಹೊತ್ತಿಗೆ ಕೆಡಬೇಕಾದದ್ದು ಕೆಟ್ಟಿರುತ್ತದೆ. ಆಗುಂಬೆಗೆ ಹೊರಟ ದಿನ ತಂಗಿಯ ಮಗನ ಕೈಗೆ ಸ್ಕ್ಯಾನರ್ ಕೊಟ್ಟು ಪಕ್ಕದ ಸೀಟಿನಲ್ಲಿ ಕೂರಿಸಿದ್ದೆ. ಹೆಬ್ರಿ ದಾಟಿದಾಗ ಅವನು ನೂರಾ ನಾಲ್ಕು ಎಂದ. ಸೋಮೇಶ್ವರದಲ್ಲಿ ನೂರಾ ಆರು. ನೀರು ನೂರಕ್ಕೆ ಕುದಿಯುತ್ತದೆ ಎಂದು ಕಲಿತ ನಾನು ಘಾಟಿಯ ಬುಡದಲ್ಲಿ ಕಾರು ನಿಲ್ಲಿಸಿ ಮುಕ್ಕಾಲು ಗಂಟೆ ಕುಳಿತೆ. ಇಬ್ಬರೂ ಎರಡೆರಡು ಚಹಾ ಕುಡಿದೆವು.

ಮುಕ್ಕಾಲು ಗಂಟೆ ದಂಡವಾಯಿತು. ಪೆಟ್ರೋಲ್ ಉಳಿಸಲೆಂದು ಈ ಎಂಜಿನ್ನನ್ನು ಹಗುರ ಓಟದಲ್ಲಿ ನೂರು ಡಿಗ್ರಿ ದಾಟಿಯೇ ಇಡುವಂತೆ ಕಂಪನಿಯವರು ರೂಪಿಸಿದ್ದಾರೆ. ಎಂಜಿನ್ ತಂಪಿಡುವ ದ್ರವದ, ಎಂದರೆ ಕೂಲಂಟಿನ, ಹರಿವು ನಿಯಂತ್ರಿಸುವ ಥರ್ಮೋಸ್ಟಾಟನ್ನು ಕಂಪ್ಯೂಟರೇ ಆಡಿಸುತ್ತದೆ, ಭಾರ ಬಿದ್ದಾಗ ತಂಪು ಮಾಡುತ್ತದೆ. ಒತ್ತಡದಲ್ಲಿರುವ ಕೂಲಂಟ್ ನೂರಕ್ಕೆ ಕುದಿಯುವುದೂ ಇಲ್ಲ, ಕುಕ್ಕರ್ ಬಳಸುವ ನನಗೆ ಇದು ಅಲ್ಲೇ ಹೊಳೆಯಬೇಕಿತ್ತು. ಅದೇ ಕಾರಣಕ್ಕೆ ಬಿಸಿಯಿರುವಾಗ ಕೂಲಂಟ್ ಟ್ಯಾಂಕಿನ ಮುಚ್ಚಳ ತೆರೆಯಬಾರದು. ಹದಿನಾಲ್ಕು ತಿರುವು ಹತ್ತುವಾಗ ಅಂಕಿ ಇಳಿದು ತೊಂಬತ್ತರ ಆಸುಪಾಸಿಗೆ ಬಂತು. ನಿಮ್ಮ ಕಾರು ಆರೋಗ್ಯವಾಗಿರುವಾಗಲೇ ಒಂದು ವಾರ ಅಂಕಿಗಳನ್ನು ಬರೆದಿಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೆ. ಆರೋಗ್ಯದ ಅಂಕಿ ಗೊತ್ತಿಲ್ಲದವರಿಗೆ ಜ್ವರದ ಅಂಕಿಯೂ ತಿಳಿಯುವುದಿಲ್ಲ.

ಇನ್ನೊಂದು ಉಪಯೋಗ ಬ್ಯಾಟರಿಯದು. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿ, ಬಲಬದಿಯ ಮುಚ್ಚಳದ ಹಿಂದಿದೆ. ಬದಲಿಸಿದ ಮೇಲೆ, ಹೊಸದು ಹಾಕಿದ್ದೇನೆ ಎಂದು ಕಾರಿಗೆ ತಿಳಿಸಬೇಕು. ಇಲ್ಲದಿದ್ದರೆ ಅದು ಮುದಿ ಬ್ಯಾಟರಿಗೆ ಉಣಿಸುವ ಲೆಕ್ಕದಲ್ಲೇ ಹೊಸದಕ್ಕೂ ಉಣಿಸಿ ಅದರ ಆಯುಸ್ಸು ಕಡಿಮೆ ಮಾಡುತ್ತದೆ. ಬ್ಯಾಟರಿ ಅಂಗಡಿಯವರು ಇದನ್ನು ಹೇಳಲಿಲ್ಲ. ಸ್ಕ್ಯಾನರಿನಲ್ಲಿ ಇದು ಎರಡು ನಿಮಿಷದ ಕೆಲಸ.

ಅದೇ ಬ್ಯಾಟರಿಯನ್ನು ನಾನೇ ಒಮ್ಮೆ ಖಾಲಿ ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಎಂಜಿನ್ ನಿಲ್ಲಿಸಿ, ಇಗ್ನಿಷನ್ ಮಾತ್ರ ಹಾಕಿ, ಎರಡು ಗಂಟೆ ಮೆನುಗಳಲ್ಲಿ ಸುತ್ತಾಡಿದೆ. ಸಂಜೆ ಕಾರು ಮಿಸುಕಲಿಲ್ಲ. ನೆರೆಮನೆಯ ಹುಡುಗ ತನ್ನ ಕಾರು ತಂದು ತಂತಿ ಹಚ್ಚಿ ಎಬ್ಬಿಸಿದ. ಪರದೆಯ ಮೂಲೆಯಲ್ಲಿ ಸ್ಕ್ಯಾನರ್ ವೋಲ್ಟೇಜ್ ತೋರಿಸುತ್ತಲೇ ಇತ್ತು, ನೋಡಲಿಲ್ಲ ಅಷ್ಟೆ. ದೀರ್ಘ ಕೆಲಸವಿದ್ದರೆ ಚಾರ್ಜರ್ ಹಚ್ಚಿಕೊಂಡೇ ಕುಳಿತುಕೊಳ್ಳಿ.

ದೂರುಗಳು. ತಂತಿ ಗಿಡ್ಡ, ಬಾನೆಟ್ ಬಳಿ ನಿಂತು ಪರದೆ ನೋಡಲಾಗುವುದಿಲ್ಲ. ಬಿಸಿಲಿನಲ್ಲಂತೂ ಪರದೆಯಲ್ಲಿ ನನ್ನ ಮುಖವೇ ಕಾಣುತ್ತದೆ. ಮೆನುವಿನ ಇಂಗ್ಲಿಷ್ ಎಲ್ಲಿಂದಲೋ ಅನುವಾದವಾಗಿ ಬಂದದ್ದು, ಅರ್ಧ ಪದಗಳು ಒಗಟು. ನವೀಕರಣಕ್ಕೆ ವಿಂಡೋಸ್ ಲ್ಯಾಪ್‌ಟಾಪ್ ಬೇಕು, ಒಂದು ವರ್ಷದ ನಂತರ ದುಡ್ಡೂ ಬೇಕು. ಎರಡನೆಯದನ್ನು ಮಾರುವಾಗ ಹೇಳಿರಲಿಲ್ಲ. ಮಿಂಚಂಚೆ ಬರೆದರೆ ಉತ್ತರದಲ್ಲಿ ಮತ್ತೊಂದು ಉಪಕರಣದ ಜಾಹೀರಾತು ಬಂತು.

ಕರಾವಳಿಯ ಎಷ್ಟೋ ರೋಗಗಳು ಇದರ ಕಣ್ಣಿಗೆ ಬೀಳುವುದೂ ಇಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರಿದು. ನಮ್ಮ ಅಂಗಳದ ರೆಂಜೆ ಮರದ ಹೂ ಉದುರಿ ಸನ್‌ರೂಫಿನ ನೀರುಕೊಳವೆ ಕಟ್ಟಿಕೊಂಡಾಗ ಯಾವ ಕೋಡೂ ಬರಲಿಲ್ಲ. ಕಾಲಡಿಯ ಕಾರ್ಪೆಟ್ ಒದ್ದೆಯಾಗಿ ಹಳಸಿದ ಅನ್ನದ ವಾಸನೆ ಬಂದ ಮೇಲೆ ತಿಳಿಯಿತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ಬಿಡಿಸಿದೆ. ಗಾಳಿಯ ಒತ್ತಡ ಕೊಡಬೇಡಿ, ಒಳಗೆ ಕೊಳವೆ ಕಳಚಿದರೆ ಚಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಏರ್‌ಬ್ಯಾಗಿನ ದೀಪ ಹತ್ತಿದಾಗ ಸೀಟಿನ ಕೆಳಗಿನ ಜೋಡಣೆ ಸಡಿಲವಾಗಿದೆ ಎಂದು ಸ್ಕ್ಯಾನರ್ ಸುಳಿವು ಕೊಟ್ಟಿತು. ಏರ್‌ಬ್ಯಾಗಿನ ಹಳದಿ ತಂತಿಗಳನ್ನು ಮಾತ್ರ ನಾನು ಮುಟ್ಟಲಿಲ್ಲ, ಮುಟ್ಟುವುದೂ ಇಲ್ಲ.

ಕೊಳ್ಳುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಎಷ್ಟು ಕಂಪನಿಗಳ ಕಾರಿಗೆ ಅನುಮತಿ ಇದೆ ಎಂದು. ನನ್ನದಕ್ಕೆ ಒಂದೇ. ಬ್ಯಾಟರಿ ಎಬ್ಬಿಸಿದ ಉಪಕಾರಕ್ಕೆಂದು ನೆರೆಮನೆಯವರಿಗೆ, ಅವರ ತಂದೆಯ ಹಳೆಯ ಮರ್ಸಿಡಿಸ್ ನೋಡಿಕೊಳ್ಳಲಿ ಎಂದು, ಸ್ಕ್ಯಾನರ್ ಕೊಟ್ಟಿದ್ದೆ. ಎಂಜಿನ್ ಬಿಟ್ಟು ಬೇರೇನನ್ನೂ ಅದು ಓದುವುದಿಲ್ಲ ಎಂದು ಮರುದಿನವೇ ಹಿಂತಿರುಗಿಸಿದರು. ಬಿದಿರು ಕಡ್ಡಿಯ ಕನ್ನಡಿ ಮಾತ್ರ ಇನ್ನೂ ಅವರ ಮನೆಯಲ್ಲೇ ಇದೆ.